ವಿಪಿಎನ್ ಕನೆಕ್ಟ್ ಆಗಿದೆ, ಸರ್ವರ್ ಮಾತ್ರ ಸಿಗ್ತಿಲ್ಲ

ಮೈಸೂರಿನ ಒಂದು ಆಡಿಟರ್ ಆಫೀಸಿನಲ್ಲಿ ಕಂಪ್ಯೂಟರು, ಪ್ರಿಂಟರು, ಇಂಟರ್ನೆಟ್ಟು ನೋಡಿಕೊಳ್ಳುವ ಕೆಲಸ ನನ್ನದು. ಜಿಎಸ್‌ಟಿ ರಿಟರ್ನ್ ಜಿಎಸ್‌ಟಿಆರ್-3ಬಿ ಸಲ್ಲಿಸುವ 20ನೇ ತಾರೀಖು ಹತ್ತಿರ ಬಂತು ಅಂದರೆ ಇಂಟರ್ನೆಟ್ ಮೂಲಕ ಆಫೀಸ್ ನೆಟ್‌ವರ್ಕಿಗೆ ಗುಟ್ಟಾದ ದಾರಿ ಮಾಡಿಕೊಡುವ ವಿಪಿಎನ್ ಹಾಕಿಕೊಂಡು ಮನೆಯಿಂದ ಕೆಲಸ ಮಾಡುವವರ ಫೋನು ಶುರು. "ವಿಪಿಎನ್ ಕನೆಕ್ಟೆಡ್ ಅಂತ ತೋರಿಸ್ತಿದೆ ಸಾರ್, ಫೈಲ್ ಸರ್ವರ್ ಮಾತ್ರ ಓಪನ್ ಆಗ್ತಿಲ್ಲ." ಪಾಸ್‌ವರ್ಡ್ ಬದಲಾಯಿಸಿರುತ್ತಾರೆ, ವಿಪಿಎನ್ ಸಾಫ್ಟ್‌ವೇರ್ ತೆಗೆದು ಮತ್ತೆ ಹಾಕಿರುತ್ತಾರೆ. ಅದೆಲ್ಲ ಸುಮ್ನೆ ಕೆಲಸ. ನಾನು ಮೊದಲು ಕೇಳುವುದು ಒಂದೇ: ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಆಗುತ್ತಾ? ಆಗುತ್ತೆ ಅಂದರೆ ವಿಪಿಎನ್ ಚೆನ್ನಾಗಿಯೇ ಇದೆ. ಮನೆ ನೆಟ್‌ವರ್ಕ್ ವಿಳಾಸಕ್ಕೂ ಆಫೀಸಿನ ವಿಳಾಸಕ್ಕೂ ಜಗಳ ಬಿದ್ದಿದೆ.

ನಮ್ಮಲ್ಲಿ ಕೆಲಸ ಮಾಡುವ ಒಬ್ಬ ಹುಡುಗಿ ಇದನ್ನು ನನಗಿಂತ ಚೆನ್ನಾಗಿ ಹೇಳಿದ್ದಳು. ಆಫೀಸ್ ಫೈಲ್ ಸರ್ವರಿನ ವಿಳಾಸ 192.168.1.10. ಅದನ್ನು ಬ್ರೌಸರಿನಲ್ಲಿ ಹಾಕಿ ಎಂಟರ್ ಒತ್ತಿದ್ದಾಳೆ. "ಸಾರ್, ಆಫೀಸ್ ಸರ್ವರ್ ತೆಗೆದ್ರೆ ನಮ್ಮನೆ ಗೇಟ್ ಕ್ಯಾಮೆರಾ ಪಾಸ್‌ವರ್ಡ್ ಕೇಳ್ತಿದೆ!" ಅವರ ಮನೆಯ ಸಿಸಿಟಿವಿ ರೆಕಾರ್ಡ್ ಮಾಡುವ ಡಿವಿಆರ್ ಪೆಟ್ಟಿಗೆಗೂ ಅದೇ ನಂಬರು.

ಹೀಗೇಕೆ ಆಗುತ್ತದೆ? ಮನೆ, ಆಫೀಸುಗಳ ಒಳಗೆ ಯಾರು ಬೇಕಾದರೂ ಬಳಸಬಹುದು ಅಂತ 1996ರಲ್ಲಿ ಆರ್‌ಎಫ್‌ಸಿ 1918 ಅನ್ನುವ ಇಂಟರ್ನೆಟ್ ದಾಖಲೆ ಮೂರು ಗುಂಪಿನ ವಿಳಾಸಗಳನ್ನು ಬಿಟ್ಟುಕೊಟ್ಟಿತು. 10ರಿಂದ ಶುರುವಾಗುವ ಎಲ್ಲವೂ, 172.16ರಿಂದ 172.31ರವರೆಗೆ, ಮತ್ತು 192.168. ಜಾಗ ಬೇಕಾದಷ್ಟಿದೆ. ಆದರೆ ರೂಟರ್ ಕಂಪನಿಗಳು 192.168.0 ಅಥವಾ 192.168.1 ಹಾಕಿ ಕಳಿಸುತ್ತವೆ, ಆಫೀಸು ಕಟ್ಟಿದವರೂ ಅದನ್ನೇ ಉಳಿಸಿಕೊಂಡಿರುತ್ತಾರೆ. ಕುವೆಂಪುನಗರದಲ್ಲೂ 3ನೇ ಕ್ರಾಸ್ ಇದೆ, ವಿಜಯನಗರದಲ್ಲೂ ಇದೆ. ಬಡಾವಣೆ ಹೆಸರು ಹೇಳದೆ "3ನೇ ಕ್ರಾಸ್" ಅಂದರೆ ಆಟೋದವನು ಹತ್ತಿರದ್ದಕ್ಕೇ ಬಿಡುತ್ತಾನೆ, ಅಲ್ವಾ? ಲ್ಯಾಪ್‌ಟಾಪ್ ಮಾಡುವುದೂ ಅದನ್ನೇ. ವೈಫೈ ಇರುವುದು 192.168.1ರಲ್ಲಿ, ಕೇಳಿದ್ದು 192.168.1.10. ಹಾಗಾದರೆ ಅದು ಮನೆಯಲ್ಲೇ ಇರಬೇಕು ಅಂತ ಮನೆಯಲ್ಲೇ ಹುಡುಕುತ್ತದೆ. ವಿಪಿಎನ್ ಕಡೆಗೆ ಒಂದು ಪ್ಯಾಕೆಟ್ಟೂ ಹೋಗುವುದಿಲ್ಲ.

ಖಾತ್ರಿ ಮಾಡಿಕೊಳ್ಳುವುದು ಸುಲಭ. ವಿಂಡೋಸ್ ಆದರೆ ಕಮಾಂಡ್ ಪ್ರಾಂಪ್ಟ್ ತೆಗೆದು ಐಪಿಕಾನ್ಫಿಗ್ (ipconfig) ಕೊಡಿ. ವೈಫೈ ಅಡಿಯಲ್ಲಿ ಐಪಿವಿ4 ವಿಳಾಸ ಇರುತ್ತದೆ. ವಿಳಾಸದ ಎಷ್ಟು ಭಾಗ ನೆಟ್‌ವರ್ಕಿನದ್ದು ಅಂತ ಹೇಳುವ ಸಬ್‌ನೆಟ್ ಮಾಸ್ಕ್ 255.255.255.0 ಅಂತಿದ್ದರೆ ಮೊದಲ ಮೂರು ನಂಬರ್ ಮಾತ್ರ ನೋಡಿ. ಆಫೀಸ್ ಸರ್ವರಿನ ಮೊದಲ ಮೂರೂ ಅವೇ ಆಗಿದ್ದರೆ ಕಳ್ಳ ಸಿಕ್ಕಿದ. ಇನ್ನೂ ಅನುಮಾನ ಇದ್ದರೆ ವಿಪಿಎನ್ ಹಾಕಿಕೊಂಡು ಸರ್ವರಿಗೆ ಪಿಂಗ್ ಮಾಡಿ, ಅಂದರೆ ping ಕಮಾಂಡಿನ ಮುಂದೆ ಅದರ ವಿಳಾಸ ಕೊಟ್ಟು ಉತ್ತರ ಬರುತ್ತಾ ನೋಡಿ. "ಡೆಸ್ಟಿನೇಶನ್ ಹೋಸ್ಟ್ ಅನ್‌ರೀಚಬಲ್" ಅಂತ ಬಂದು, ಆ ಉತ್ತರ ಕೊಟ್ಟ ವಿಳಾಸ ನಿಮ್ಮ ವೈಫೈ ವಿಳಾಸವೇ ಆಗಿದ್ದರೆ, ಲ್ಯಾಪ್‌ಟಾಪ್ ಮನೆಯೊಳಗೇ ಹುಡುಕಿ ಸೋತಿದೆ ಅಂತ ಅರ್ಥ. ಉತ್ತರ ಬಂದರೆ ವಿಪಿಎನ್ ಬಿಡಿಸಿ ಮತ್ತೆ ಪಿಂಗ್ ಮಾಡಿ. ಆಗಲೂ ಸರಿಯಾಗಿ ಉತ್ತರ ಬರುತ್ತಿದ್ದರೆ, ಮಾತಾಡುತ್ತಿರುವುದು ನಿಮ್ಮ ಮನೆಯ ಯಾವುದೋ ಪೆಟ್ಟಿಗೆ.

ಪರಿಹಾರ ಮನೆ ರೂಟರಿನಲ್ಲಿದೆ. ನಂಬರ್ ಬದಲಾಯಿಸಬೇಕು. ಯಾವ ನಂಬರು? ನಾನು 192.168.213 ಥರದ್ದು ಕೊಡುತ್ತೇನೆ, ಯಾರಿಗೂ ಹೊಳೆಯದ್ದು. ಮೂರನೇ ನಂಬರಾಗಿ 0, 1, 100 ಬೇಡ. 29 ಬೇಡ, ಜಿಯೋಫೈಬರ್ ರೂಟರುಗಳು 192.168.29.1ರಲ್ಲಿ ಕೂತಿರುತ್ತವೆ. 137 ಬೇಡ, ವಿಂಡೋಸ್ ತನ್ನ ಹಾಟ್‌ಸ್ಪಾಟಿಗೆ ಅದನ್ನು ಇಟ್ಟುಕೊಂಡಿದೆ. 56 ಬೇಡ, ಅದು ವರ್ಚುಯಲ್‌ಬಾಕ್ಸ್ ಸಾಫ್ಟ್‌ವೇರಿನದ್ದು. ಆರಿಸುವ ಮುಂಚೆ ಆಫೀಸಿನ ಐಟಿಯವರನ್ನು ಒಂದು ಮಾತು ಕೇಳಿ: ವಿಪಿಎನ್‌ನಲ್ಲಿ ಯಾವ ಯಾವ ನೆಟ್‌ವರ್ಕ್ ಬರುತ್ತದೆ? ಬ್ರ್ಯಾಂಚ್ ಆಫೀಸಿನ ನಂಬರನ್ನೇ ಮನೆಗೆ ಕೊಟ್ಟುಕೊಂಡರೆ ಮತ್ತೆ ಅದೇ ಕಥೆ.

ಈಗ ಕೆಲಸ. ಮನೆಯಲ್ಲಿ ಯಾರೂ ಮೀಟಿಂಗಿನಲ್ಲಿ ಇಲ್ಲದ ಹೊತ್ತು ನೋಡಿ. ಐಪಿಕಾನ್ಫಿಗ್‌ನಲ್ಲಿ ಡಿಫಾಲ್ಟ್ ಗೇಟ್‌ವೇ ಅಂತ ಇರುವುದೇ ರೂಟರಿನ ವಿಳಾಸ. ಬ್ರೌಸರಿನಲ್ಲಿ ಅದನ್ನು ತೆಗೆದು ಲಾಗಿನ್ ಆಗಿ. ಪಾಸ್‌ವರ್ಡ್ ಸಾಮಾನ್ಯವಾಗಿ ರೂಟರಿನ ಅಡಿಯ ಸ್ಟಿಕ್ಕರಿನಲ್ಲಿರುತ್ತದೆ. ಇಲ್ಲದಿದ್ದರೆ ಕನೆಕ್ಷನ್ ಕೊಟ್ಟವರನ್ನು ಕೇಳಿ. ದಯವಿಟ್ಟು ಪಿನ್ ಚುಚ್ಚಿ ರೀಸೆಟ್ ಮಾಡಬೇಡಿ. ಫೈಬರ್ ಪೆಟ್ಟಿಗೆಯಲ್ಲಿ ಇಂಟರ್ನೆಟ್ ಲಾಗಿನ್ನಿನ (ಪಿಪಿಪಿಒಇ) ಯೂಸರ್‌ನೇಮ್ ಹಾಕಿಟ್ಟಿದ್ದರೆ ಅದೂ ಹೋಗುತ್ತದೆ, ಆಮೇಲೆ ಲೈನ್‌ಮನ್ ಬರುವ ತನಕ ಇಂಟರ್ನೆಟ್ಟೇ ಇಲ್ಲ.

ಒಳಗೆ ಲ್ಯಾನ್ (ಮನೆಯೊಳಗಿನ ನೆಟ್‌ವರ್ಕ್) ಅಥವಾ ಡಿಎಚ್‌ಸಿಪಿ (ತಾನೇ ವಿಳಾಸ ಹಂಚುವ ವ್ಯವಸ್ಥೆ) ಅಂತ ಒಂದು ಪುಟ ಇರುತ್ತದೆ. ಮೊದಲು ಅದರದ್ದೊಂದು ಫೋಟೋ ತೆಗೆದುಕೊಳ್ಳಿ. ರೂಟರಿನ ಐಪಿಯನ್ನು 192.168.1.1ರಿಂದ 192.168.213.1 ಮಾಡಿ. ಮಾಸ್ಕ್ ಮುಟ್ಟಬೇಡಿ. ಡಿಎಚ್‌ಸಿಪಿ ಶುರು ಮತ್ತು ಕೊನೆ ವಿಳಾಸವನ್ನೂ ನೋಡಿ, ಕೆಲವು ರೂಟರುಗಳು ತಾವೇ ಬದಲಾಯಿಸಿಕೊಳ್ಳುತ್ತವೆ, ಕೆಲವು ಇಲ್ಲ. 192.168.213.100ರಿಂದ 199 ಸಾಕು. ಸೇವ್ ಒತ್ತಿ. ಪುಟ ಸುತ್ತುತ್ತಾ ಸುತ್ತುತ್ತಾ ನಿಂತುಬಿಡುತ್ತದೆ. ಹೆದರಬೇಡಿ, ನೀವು ಮಾತಾಡುತ್ತಿದ್ದ ವಿಳಾಸವೇ ಈಗ ಇಲ್ಲ. ವೈಫೈ ಆಫ್ ಮಾಡಿ ಆನ್ ಮಾಡಿ, 192.168.213.1 ತೆಗೆದರೆ ಅದೇ ಪುಟ ಬರುತ್ತದೆ. ವೈಫೈ ಹೆಸರು, ಪಾಸ್‌ವರ್ಡ್ ಹಳೆಯದೇ ಆದ್ದರಿಂದ ಫೋನು, ಟಿವಿ ತಾವೇ ಸೇರಿಕೊಳ್ಳುತ್ತವೆ.

ತಲೆನೋವು ಕೊಡುವುದು ಕೈಯಾರೆ ವಿಳಾಸ ಹಾಕಿಟ್ಟ ಸಾಮಾನುಗಳು. ಡಿವಿಆರ್ ಅದರಲ್ಲಿ ಮೊದಲನೆಯದು. ರೂಟರ್ ಮುಟ್ಟುವ ಮುಂಚೆಯೇ ಅದರ ನೆಟ್‌ವರ್ಕ್ ಸೆಟ್ಟಿಂಗ್‌ಗೆ ಹೋಗಿ ಡಿಎಚ್‌ಸಿಪಿ ಆನ್ ಮಾಡಿಡಿ, ಇಲ್ಲದಿದ್ದರೆ ಆಮೇಲೆ ಅದಕ್ಕೆ ಟಿವಿ, ಮೌಸ್ ಸಿಕ್ಕಿಸಿ ಕೂರಬೇಕು. ಪ್ರಿಂಟರನ್ನು ಲ್ಯಾಪ್‌ಟಾಪಿನಿಂದ ತೆಗೆದು ಮತ್ತೆ ಸೇರಿಸಬೇಕಾಗಬಹುದು. ಮಹಡಿಗೆ ಅಂತ ಎರಡನೇ ರೂಟರನ್ನು ವೈಫೈ ಮಾತ್ರ ಹಂಚುವ ಆಕ್ಸೆಸ್ ಪಾಯಿಂಟ್ ಮಾಡಿಟ್ಟಿದ್ದರೆ ಅದಕ್ಕೂ ಹೊಸ ವಿಳಾಸ ಕೊಡಿ.

ಪಿಜಿಯಲ್ಲಿದ್ದೀರಿ, ರೂಟರ್ ಓನರ್ ಮನೆಯಲ್ಲಿದೆ ಅಂದರೆ? ಹಾಟ್‌ಸ್ಪಾಟ್ ಸುಲಭದ ದಾರಿ. ಡೇಟಾ ಸಾಲದಿದ್ದರೆ ಒಂದು ಚಿಕ್ಕ ರೂಟರ್ ಕೊಂಡು, ಪಿಜಿಯವರ ಲ್ಯಾನ್ ಕೇಬಲನ್ನು ಅದರ ವ್ಯಾನ್ (ಹೊರಗಿನ ಇಂಟರ್ನೆಟ್ ಬರುವ) ಪೋರ್ಟಿಗೆ ಸಿಕ್ಕಿಸಿ, ಒಳಗಡೆಗೆ ನಿಮ್ಮದೇ ನಂಬರ್ ಇಟ್ಟುಕೊಳ್ಳಿ. ಒಂದೇ ಸರ್ವರ್ ಬೇಕಿದ್ದರೆ ಇನ್ನೊಂದು ಉಪಾಯ ಇದೆ: ಅಡ್ಮಿನ್ ಆಗಿ ಕಮಾಂಡ್ ಪ್ರಾಂಪ್ಟ್ ತೆಗೆದು, ರೂಟ್ ಆಡ್ (route add) ಕಮಾಂಡಿನಲ್ಲಿ ಸರ್ವರಿನ ವಿಳಾಸ, ಮಾಸ್ಕ್ 255.255.255.255, ಆಮೇಲೆ ವಿಪಿಎನ್ ಗೇಟ್‌ವೇ ಕೊಡುವುದು. ಒಂದೇ ವಿಳಾಸದ ದಾರಿ ಇಡೀ ನೆಟ್‌ವರ್ಕಿನ ದಾರಿಗಿಂತ ಖಚಿತವಾದ್ದರಿಂದ ಅದೇ ಗೆಲ್ಲುತ್ತದೆ. ಆದರೆ ಸರ್ವರಿನ ನಂಬರೇ ರೂಟರಿನ ನಂಬರೂ ಆಗಿದ್ದರೆ ಈ ಆಟ ಬೇಡ. ಕೆಲವು ಕಂಪನಿಗಳ ವಿಪಿಎನ್ ಇದಕ್ಕೆ ಬಿಡುವುದೂ ಇಲ್ಲ. ನನಗಂತೂ ಇದು ತೇಪೆ ಕೆಲಸ ಅನ್ನಿಸುತ್ತದೆ. ಲ್ಯಾಪ್‌ಟಾಪ್ ರೀಸ್ಟಾರ್ಟ್ ಆದರೆ ಮತ್ತೆ ಹಾಕಬೇಕು.

ಸಾಫ್ಟ್‌ವೇರ್‌ನವರಿಗೆ ಒಂದು ಮಾತು. ವೈಫೈ ನಂಬರ್ ಬೇರೆಯೇ ಇದ್ದು, ಆಫೀಸಿನ 172.17 ಅಥವಾ 172.18ರ ಸರ್ವರ್ ಮಾತ್ರ ಸಿಗುತ್ತಿಲ್ಲ ಅಂದರೆ ರೂಟರನ್ನು ಬಯ್ಯಬೇಡಿ. ಲ್ಯಾಪ್‌ಟಾಪಿನಲ್ಲಿ ಡಾಕರ್ ಇದೆಯಾ ನೋಡಿ. ಅದು ತನ್ನ ಬ್ರಿಡ್ಜಿಗೆ 172.17 ಇಟ್ಟುಕೊಳ್ಳುತ್ತದೆ, ಕಂಪೋಸ್ ಮಾಡಿದ ಹಾಗೆಲ್ಲ 172.18, 172.19 ಅಂತ ಮುಂದೆ ಹೋಗುತ್ತದೆ. ಅದರ ಡೀಮನ್ ಡಾಟ್ ಜೇಸನ್ (daemon.json) ಫೈಲಿನಲ್ಲಿ ಬೇರೆ ವಿಳಾಸಗಳನ್ನು ಕೊಟ್ಟು, ಡಾಕರ್ ರೀಸ್ಟಾರ್ಟ್ ಮಾಡಿ, ಹಳೆಯ ನೆಟ್‌ವರ್ಕ್‌ಗಳನ್ನು ಅಳಿಸಿ.