ಹಾಳೆ ತುಂಡು ಮುಚ್ಚಿಟ್ಟು ಓದಿದ್ದು

ಆಟಿ ತಿಂಗಳ ಮಳೆ ಹಿಡಿಯಿತೆಂದರೆ ನಮ್ಮ ಬದಿಯಡ್ಕದ ಕಡೆ ಅಡಿಕೆಗೆ ಮದ್ದು ಬಿಡಲೂ ಆಗುವುದಿಲ್ಲ. ಜಗಲಿಯೇ ಗತಿ. ಗಣಿತದ ಪುಸ್ತಕ ಓದುವ ಚಟ ನನಗೆ ಹತ್ತಿದ್ದು ಹಾಗೆ. ಹತ್ತನೇ ಕ್ಲಾಸಿನ ಗಣಿತವನ್ನು ಹೇಗೋ ದಾಟಿ ಬಂದವನು ನಾನು.

ಮೊದಲು ಕಥೆ ಓದಿದ ಹಾಗೆ ಓದಿದೆ. ಪುಟ ಮುಗಿಯುತ್ತಿತ್ತು, ತಲೆಗೆ ಏನೂ ಹೋಗುತ್ತಿರಲಿಲ್ಲ. ಆಮೇಲೆ ಅಡಿಕೆ ಹಾಳೆಯ ತುಂಡೊಂದನ್ನು ಉತ್ತರದ ಮೇಲೆ ಇಡತೊಡಗಿದೆ. ಕಾಗದವಾದರೆ ಗಾಳಿಗೆ ಹಾರಿ ಉತ್ತರ ಕಂಡುಬಿಡುತ್ತದೆ. ನನಗೂ ಒಳಗೊಳಗೇ ಅದೇ ಬೇಕಿರುತ್ತದೆ ಅನ್ನಿ.

ಹಾಗೆ ಬಿಡಿಸಿದ ಮೊದಲನೆಯದು 1150ರಲ್ಲಿ ಭಾಸ್ಕರಾಚಾರ್ಯ ಬರೆದ 'ಲೀಲಾವತಿ'ಯ ದುಂಬಿಗಳ ಲೆಕ್ಕ. ಐದನೇ ಒಂದು ಪಾಲು ಕದಂಬಕ್ಕೆ, ಮೂರನೇ ಒಂದು ಪಾಲು ಇನ್ನೊಂದು ಹೂವಿಗೆ, ಇವೆರಡರ ವ್ಯತ್ಯಾಸದ ಮೂರು ಪಟ್ಟು ಮತ್ತೊಂದಕ್ಕೆ. ಉಳಿದದ್ದು ಒಂದೇ ದುಂಬಿ. ಒಟ್ಟು ಎಷ್ಟು? ಎಕ್ಸ್ ವೈ ಬೇಕಾಗಲೇ ಇಲ್ಲ. ಐದಕ್ಕೂ ಮೂರಕ್ಕೂ ಭಾಗವಾಗಬೇಕಲ್ಲ, 15 ಹಿಡಿದೆ. 3, 5, ಮತ್ತೆ 6. ಹದಿನಾಲ್ಕು ಹೋಯಿತು, ಒಂದು ಉಳಿಯಿತು!

ನಿಜವಾದ ಹುಚ್ಚು ಹಿಡಿಸಿದ್ದು ಮಹಾವೀರಾಚಾರ್ಯ. ಒಂಬತ್ತನೇ ಶತಮಾನದವನು, ನಮ್ಮ ನೃಪತುಂಗನ ಕಾಲದವನು. ಅವನ 'ಗಣಿತಸಾರಸಂಗ್ರಹ'ದಲ್ಲಿ ಎರಡು ತುದಿಯಿಂದಲೂ ಒಂದೇ ತೆರನಾಗಿ ಓದಿಸಿಕೊಳ್ಳುವ, ಕೊರಳ ಹಾರದಂಥ ಸಂಖ್ಯೆಗಳಿವೆ. 27994681ನ್ನು 441ರಿಂದ ಗುಣಿಸು ಅನ್ನುತ್ತಾನೆ. ಬರುವುದು 12345654321.

ಮೊಬೈಲಿನಲ್ಲಿ ಒತ್ತಿದರೆ ಒಂದು ಗಳಿಗೆಯ ಕೆಲಸ. ಆದರೆ ಈ ಪುಣ್ಯಾತ್ಮನಿಗೆ ಆ ಸಂಖ್ಯೆ ಸಿಕ್ಕಿದ್ದಾದರೂ ಎಲ್ಲಿ? ಮೂರು ದಿನ ಅದೇ ಪುಟ. 441 ಅಂದರೆ 21ರ ವರ್ಗ ಎಂದು ಹೊಳೆದದ್ದು ದನಕ್ಕೆ ಹುಲ್ಲು ಹಾಕುವಾಗ. ಹಾಗಾದರೆ ಉಳಿದದ್ದೂ ವರ್ಗವೇ ಇರಬೇಕು. ಆರು ಒಂದುಗಳನ್ನು ಅವುಗಳಿಂದಲೇ ಗುಣಿಸಿ ನೋಡಿದೆ: 111111 ಆರು ಸಾಲಾಗಿ, ಒಂದೊಂದು ಮನೆ ಎಡಕ್ಕೆ ಸರಿಯುತ್ತ ಮೆಟ್ಟಿಲಿನ ಹಾಗೆ ಇಳಿಯುತ್ತದೆ. ಕೂಡಿದರೆ ಅಂಚಿನಲ್ಲಿ ಒಂದು, ನಡುವೆ ಆರು. ಹಾರ ಬಂತು. ಇನ್ನು 111111ನ್ನು ಮೂರರಿಂದ ಭಾಗಿಸಿದೆ, 37037. ಏಳರಿಂದ, 5291. ಅದರ ವರ್ಗ ಮಾಡುವಾಗ ದಶಕ ತಪ್ಪಿ ಎರಡು ಸಲ ಹಾಳಾಯಿತು. ಮೂರನೇ ಸಲ 27994681.

"ಎಂತ ಅಪ್ಪ, ಒಬ್ಬರೇ ನಗುವುದು?" ಎಂದಳು ಮಗಳು. ತೋರಿಸಿದೆ. ಅವಳು ಪೆನ್ಸಿಲ್ ಕಿತ್ತುಕೊಂಡು, "ಹತ್ತು ಒಂದು ಇಟ್ಟರೆ?" ಎಂದಳು.

ಒಂಬತ್ತರವರೆಗೆ ಹಾರ ಗಟ್ಟಿ. ಹತ್ತಕ್ಕೆ ನಡುವಿನ ಮನೆಯಲ್ಲಿ ದಶಕ ಉಕ್ಕಿ ಎಡಕ್ಕೆ ಹರಿಯುತ್ತದೆ: 1234567900987654321. ಎಡಗಡೆಯ ಎಂಟು ಕಾಣೆ. ಅದು ಹೋದದ್ದೆಲ್ಲಿಗೆ ಎಂದು ಅಡಿಕೆ ಮಾರಿದ ಚೀಟಿಯ ಹಿಂದೆ ಅವಳು ಇನ್ನೂ ಗೀಚುತ್ತಿದ್ದಾಳೆ.