ಇಲಿ ಯಾವಾಗ ಉಂಡಿತ್ತು? ಫ್ಯಾಟಿ ಲಿವರ್ ಜೀನ್ ನೋಡೋರಿಗೆ

ಹೈ ಫ್ಯಾಟ್ ಡಯಟ್ ತಿಂದ ಇಲಿ ಲಿವರಿನ್ಯಾಗ ಯಾವ ಜೀನ್ ಏರೈತಿ, ಯಾವ್ದು ಇಳದೈತಿ ಅಂತ ಕ್ಯೂಪಿಸಿಆರ್ (ಜೀನ್ ಎಷ್ಟು ಕೆಲಸ ಮಾಡತೈತಿ ಅಂತ ಅಳಿಯೂ ಪರೀಕ್ಷೆ) ಮಾಡಾಕ ಹೊಂಟೀರೇನು, ಹಂಗಿದ್ರ ಅದಕ ಬೇಕಾದ ಪ್ರೈಮರ್ (ಸಣ್ಣ ಡಿಎನ್‌ಎ ತುಂಡು) ಆರ್ಡರ್ ಮಾಡೂಕಿಂತ ಮೊದ್ಲ ಗಡಿಯಾರ ನೋಡ್ರಿ. ಧಾರವಾಡದಾಗ ನಾ ಮೊದಲ್ನೇ ಸಲ ಮಾಡಿದಾಗ ಕಂಟ್ರೋಲ್ (ಸಾದಾ ಊಟದ) ಇಲಿ ಎಲ್ಲಾ ಮುಂಜಾನೆ ಮುಗಿಸಿ, ಹೊರಗ ಹೋಗಿ ಗಿರಮಿಟ್ ಮಿರ್ಚಿ ತಿಂದು ಬಂದು ಹೈ ಫ್ಯಾಟ್ ಇಲಿ ಮಧ್ಯಾಹ್ನ ತಗೊಂಡೆ. ಎಫ್‌ಎಎಸ್‌ಎನ್ ಜೀನ್ (ಲಿವರಿನ್ಯಾಗ ಕೊಬ್ಬು ಕಟ್ಟೂದು) ಹೈ ಫ್ಯಾಟ್ ಇಲಿಯೊಳಗ ಧಡಕ್ಕನ ಬಿದ್ದಿತ್ತು, ಪೇಪರ್ ಆತು, ಪೇಢೆ ಹಂಚೂಣು ಅನ್ನೋದ್ರಾಗ ಗೈಡ್ ಸರ್ "ಇವು ಕಡೀಕ ಯಾವಾಗ ಉಂಡಿದ್ವು?" ಅಂದ್ರು. ನನ್ನ ಕಡೆ ಉತ್ತರ ಇರಲಿಲ್ಲ.

ಇಲಿ ಉಣ್ಣೂದು ರಾತ್ರಿ. ಹೊಟ್ಟಿ ತುಂಬಿದಾಗ ಇನ್ಸುಲಿನ್ ಏರತೈತಿ, ಎಸ್‌ಆರ್‌ಇಬಿಪಿ-1ಸಿ (ಕೊಬ್ಬು ಕಟ್ಟೂ ಜೀನ್ ಚಾಲೂ ಮಾಡೂ ಪ್ರೋಟೀನ್) ಎದ್ದು ಕುಂದರತೈತಿ, ಕೊಬ್ಬು ಕಟ್ಟೂ ಎಫ್‌ಎಎಸ್‌ಎನ್, ಎಸಿಸಿ ಎಲ್ಲಾ ಏರತಾವ; ಹಸದಾಗ ಅವು ಇಳದು, ಪಿಪಿಎಆರ್ ಆಲ್ಫಾ ಅನ್ನೂ ಇನ್ನೊಂದು ಪ್ರೋಟೀನಿನ ಕೈಯಾಗ ಕೆಲಸ ಹೋಗಿ ಕೊಬ್ಬು ಸುಡೂ ಸಿಪಿಟಿ1ಎ ಏರತೈತಿ. ಅಂದ್ರ ನೀವು ಡಯಟ್ ಅಳಿಯಾಕ ಹೋಗಿ ಹಸಿವಿ ಅಳದು ಬರತೀರಿ. ಅದಕ ಎಲ್ಲಾ ಇಲಿಗೂ ಒಂದಽ ಲೆಕ್ಕಾ, 4 ತಾಸು ಅಂದ್ರ 4 ತಾಸು ಉಪಾಸ (ಎಥಿಕ್ಸ್ ಕಮಿಟಿ ಅರ್ಜಿಯೊಳಗ ಮೊದ್ಲ ಬರದಿರ್ರಿ), ಆಮ್ಯಾಲೆ ಒಂದು ಕಂಟ್ರೋಲ್, ಒಂದು ಹೈ ಫ್ಯಾಟ್ ಹಿಂಗ ಪಾಳಿ ಹಚ್ಚಿ ತಗೋರಿ, ಟೈಮ್ ಟ್ಯೂಬಿನ ಮ್ಯಾಲೇನಽ ಬರೀರಿ.

ಪ್ರತಿ ಸಲ ಲಿವರಿನ ಅದಽ ಲೋಬ್ (ಭಾಗ) ಕತ್ತರಿಸಿ ತಕ್ಷಣ ಲಿಕ್ವಿಡ್ ನೈಟ್ರೋಜನ್‌ಗೆ ಹಾಕ್ರಿ. 50 ಮಿಲಿಗ್ರಾಂ ತುಂಡಿಗೆ 1 ಎಂಎಲ್ ಟ್ರೈಜಾಲ್ (ಜೀನಿನ ನಕಲಾದ ಆರ್‌ಎನ್‌ಎ ಹೊರಗ ತಗಿಯೂ ದ್ರಾವಣ) ಸಾಕು, ಗ್ಲೌಸ್ ಇಲ್ಲದ ಮುಟ್ಟಬ್ಯಾಡ್ರಿ, ಅದರಾಗ ಫಿನಾಲ್ ಐತಿ. ಅರದ ಮ್ಯಾಲೆ ಕ್ಲೋರೋಫಾರ್ಮ್ ಹಾಕಾಕ ಅವಸರ ಮಾಡಬ್ಯಾಡ್ರಿ. ಮೊದ್ಲ 4 ಡಿಗ್ರಿಯೊಳಗ 12,000 ಜಿ ಮ್ಯಾಲೆ 10 ನಿಮಿಷ ತಿರುಗಿಸಿ ನೋಡ್ರಿ, ಎಣಗಾಯಿ ಪಲ್ಯದ ಮ್ಯಾಲೆ ಎಣ್ಣಿ ನಿಂತಂಗ ಕೊಬ್ಬು ಮ್ಯಾಲೆ ತೇಲಿರತೈತಿ. ಟಿಪ್ ಆ ಪದರ ದಾಟಿಸಿ ಕೆಳಗಿನ ತಿಳಿ ಅಷ್ಟಽ ಎಳಕೊಂಡು ಹೊಸಾ ಟ್ಯೂಬಿಗೆ ಹಾಕ್ರಿ, ತಳದಾಗ ಕುಂತಿದ್ದೂ ಬ್ಯಾಡ. ಇದೊಂದು ಬಿಟ್ರ ಆರ್‌ಎನ್‌ಎ ಜಿಗಟ ಜಿಗಟ ಬರತೈತಿ. ಮುಂದಿಂದು ಮಾಮೂಲಿ, 260/280 ರೇಷಿಯೋ (ಆರ್‌ಎನ್‌ಎ ಎಷ್ಟು ಶುದ್ಧ ಅಂತ ತೋರಿಸೂ ಬೆಳಕಿನ ಅಳತಿ) 2ರ ಹತ್ರ ಇದ್ರ ಉಳದ ಡಿಎನ್‌ಎ ಹೋಗಾಕ ಡಿಎನ್‌ಏಸ್ ಕೊಟ್ಟು ಸಿಡಿಎನ್‌ಎ (ಆರ್‌ಎನ್‌ಎದ ಡಿಎನ್‌ಎ ನಕಲು) ಮಾಡ್ರಿ.

ರೆಫರೆನ್ಸ್ ಜೀನ್ (ಎಲ್ಲಾ ಇಲಿಯೊಳಗೂ ಸಮ ಇರಬೇಕಾದ, ಹೋಲಿಕಿಗೆ ಇಡೂ ಜೀನ್) ಅಂತ ಎಲ್ಲಾರೂ ಜಿಎಪಿಡಿಎಚ್ ಇಡತಾರ, ನನಗೇನು ಅದರ ಮ್ಯಾಲೆ ನಂಬಿಕಿ ಇಲ್ಲ, ಅದು ಸ್ವತಃ ಗ್ಲುಕೋಸ್ ಒಡಿಯೂ ಎನ್‌ಜೈಮಿನ ಜೀನ್, ಡಯಟ್ ಬದಲಾದ್ರ ಅದೂ ಅಲ್ಲಾಡತೈತಿ. 36ಬಿ4, ಎಚ್‌ಪಿಆರ್‌ಟಿ ಎರಡೂ ಇಟ್ಟು ಎರಡೂ ಗುಂಪಿನ್ಯಾಗ ಸಿಟಿ (ಸಿಗ್ನಲ್ ಕಾಣಾಕ ಹತ್ತಿದ ಸೈಕಲ್ ಸಂಖ್ಯೆ) ಸಮ ಐತೇನು ನೋಡ್ರಿ, ಒಂದು ಸಿಟಿ ಫರಕಂದ್ರ ಹತ್ರಹತ್ರ ಎರಡ ಪಟ್ಟು ಫರಕು.

ಇಷ್ಟಾದ ಮ್ಯಾಲೂ ಎಫ್‌ಎಎಸ್‌ಎನ್ ಏರಲಿಲ್ಲಾಂದ್ರ ಗಾಬರಿ ಆಗಬ್ಯಾಡ್ರಿ. ಹೈ ಫ್ಯಾಟ್‌ನ್ಯಾಗ ಕೊಬ್ಬು ಊಟದಿಂದಽ ಬರತೈತಿ, ಲಿವರ್ ಹೊಸದಾಗಿ ಕಟ್ಟೂ ಜರೂರತ್ತು ಕಡಿಮಿ, ಕೊಬ್ಬು ಒಳಗ ಎಳಕೊಳ್ಳೂ ಸಿಡಿ36 ನೋಡ್ರಿ. ಫ್ರುಕ್ಟೋಸ್ ನೀರು ಕುಡಿಸಿದ್ರ ಲೆಕ್ಕಾನಽ ಬ್ಯಾರೆ, ಅಲ್ಲಿ ಸಕ್ಕರಿಗೆ ಏಳೂ ಪ್ರೋಟೀನ್ ಸಿಎಚ್‌ಆರ್‌ಇಬಿಪಿ ಎದ್ದು ಎಫ್‌ಎಎಸ್‌ಎನ್ ಮ್ಯಾಲಕ್ಕ ಎತ್ತತೈತಿ.