ಚೊಗರೋ ಮೆಣಸೋ: ಒಂದು ಕೆಂಪು ವೈನ್ ಆರಿಸಿದ ಕಥೆ

ಬೆಂಗಳೂರಿನ ಒಂದು ಚಿಕ್ಕ ರೆಸ್ಟೋರೆಂಟಿನಲ್ಲಿ ವೈನ್ ತರಿಸುವುದು, ಜೋಪಾನವಾಗಿಡುವುದು, ಬಡಿಸುವುದು ನನ್ನ ಕೆಲಸ. ಕೊಡಗು, ಮಲೆನಾಡು, ಮಂಗಳೂರು ಕಡೆಯ ಮಾಂಸದಡುಗೆ ನಮ್ಮಲ್ಲಿ ವಿಶೇಷ. ಹೋದ ವರ್ಷ ಯಜಮಾನರು ಲೆಕ್ಕದ ಪುಸ್ತಕ ಮುಂದಿಟ್ಟುಕೊಂಡು, "ಗ್ಲಾಸಲ್ಲಿ ಮಾರೋಕೆ ಗಟ್ಟಿ ಕೆಂಪು ವೈನ್ ಒಂದೇ ಸಾಕು ಕಣಪ್ಪ. ಕ್ಯಾಬರ್ನೆನೋ ಶಿರಾಜೋ, ನೀನೇ ನೋಡು" ಅಂದರು. ಅವರು ಹೇಳಿದ್ದೂ ಸರಿಯೇ. 750 ಎಂಎಲ್ ಬಾಟಲಿಯಲ್ಲಿ ಸಿಗುವುದು 150ರ ಐದು ಗ್ಲಾಸು. ಬಿರಡೆ ತೆಗೆದ ಎರಡು ಮೂರು ದಿನಕ್ಕೆ ರುಚಿ ಇಳಿಯುತ್ತದೆ. ಎರಡು ಬಗೆ ತೆರೆದಿಟ್ಟರೆ ಯಾವುದಾದರೂ ಒಂದರ ಕೊನೆಯ ಪಾಲು ಸಿಂಕಿಗೆ.

ನಾನು ಹಿಂದೆಮುಂದೆ ನೋಡದೆ ಕ್ಯಾಬರ್ನೆ ಸೊವಿನ್ಯಾನ್ ಅಂದೆ. ಎರಡೂ ದ್ರಾಕ್ಷಿ ತಳಿಗಳ ಹೆಸರೇ, ಆದರೆ ಇದು ಫ್ರಾನ್ಸಿನ ಬೋರ್ಡೋದ ದ್ರಾಕ್ಷಿ, ದೊಡ್ಡ ಹೆಸರು, ಗಿರಾಕಿಗಳು ಕೇಳುವುದೂ ಅದನ್ನೇ. ಒಂದು ತಿಂಗಳು ಮಾರಿದೆ. ಹೇಗಿದೆ ಎಂದು ಕೇಳಿದರೆ ಎಲ್ಲರೂ ಚೆನ್ನಾಗಿದೆ ಅನ್ನುತ್ತಾರೆ. ನಿಜ ಹೇಳುವುದು ತೊಳೆಯಲು ಬರುವ ಗ್ಲಾಸು. ಪಂದಿ ಕರಿ, ಅಂದರೆ ಕೊಡಗಿನ ಹಂದಿ ಮಾಂಸದ ಸಾರು, ಹೋದ ಮೇಜುಗಳಿಂದ ಅರ್ಧ ತುಂಬಿದ ಗ್ಲಾಸುಗಳೇ ವಾಪಸ್ ಬರುತ್ತಿದ್ದವು.

ನಾನು ಕೊಪ್ಪದ ಕಡೆಯ ಅಡಿಕೆ ತೋಟದ ಮನೆಯವನು. ಅಡಿಕೆ ಬೇಯಿಸಿದ ಚೊಗರು ನಾಲಿಗೆಗೆ ತಾಗಿದರೆ ಬಾಯಿ ಹೇಗೆ ಹಿಡಿದುಕೊಳ್ಳುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ವೈನಿನವರು ಟ್ಯಾನಿನ್ ಎನ್ನುವುದು ಆ ಒಗರನ್ನೇ. ಕ್ಯಾಬರ್ನೆಯ ಹಣ್ಣು ಸಣ್ಣದು, ಸಿಪ್ಪೆ ದಪ್ಪ, ಹಾಗಾಗಿ ಒಗರು ಜಾಸ್ತಿ. ಅದು ಜೊಲ್ಲಿನ ಪ್ರೋಟೀನಿಗೆ ಅಂಟಿಕೊಂಡು ಬಾಯಿ ಒಣಗಿಸುತ್ತದೆ. ಜೊತೆಯಲ್ಲಿ ಕೊಬ್ಬಿನ ಮಾಂಸವಿದ್ದರೆ ಒಗರು ಹದಕ್ಕೆ ಬರುತ್ತದೆ ಎಂದು ಓದಿದ್ದೆ. ಹಂದಿ ಮಾಂಸದಲ್ಲಿ ಕೊಬ್ಬಿಗೇನು ಕಮ್ಮಿ ಅಂದುಕೊಂಡಿದ್ದೆ. ಮರೆತಿದ್ದು ಆ ಕರಿಗೆ ಹಾಕುವ ಕೊಡಗಿನ ಕಪ್ಪು ಹುಳಿ, ಕಾಚಂಪುಳಿಯನ್ನು. ಹುಳಿ ಸೇರಿದರೆ ಒಗರು ಇನ್ನಷ್ಟು ಏಳುತ್ತದೆ. ಸಾಲದ್ದಕ್ಕೆ, ಹಸಿಮೆಣಸಿನಕಾಯಿಯ ಉರಿ ಹಿಡಿಯುವ ನರವನ್ನೇ ಆಲ್ಕೋಹಾಲ್ ಕೂಡ ಕೆರಳಿಸುತ್ತದೆ. ಗಿರಾಕಿ ಗ್ಲಾಸು ಬಿಟ್ಟು ನೀರು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಒಂದು ಸೋಮವಾರ ಮಧ್ಯಾಹ್ನ, ಊಟದ ಗಲಾಟೆ ಮುಗಿದ ಮೇಲೆ, ನಂದಿ ಬೆಟ್ಟದ ಸುತ್ತಿನ ದ್ರಾಕ್ಷಿಯದೇ ಒಂದು ಕ್ಯಾಬರ್ನೆ, ಒಂದು ಶಿರಾಜ್ ತೆಗೆದುಕೊಂಡೆ. ಹೋಲಿಕೆಗೆಂದು ಆಸ್ಟ್ರೇಲಿಯಾದ ಬರೋಸಾ ಕಣಿವೆಯ ಒಂದು ಶಿರಾಜನ್ನೂ ತೆರೆದೆ, ದುಡ್ಡು ನನ್ನ ಜೇಬಿಂದಲೇ. ಮೂರಕ್ಕೂ ಪೇಪರ್ ಸುತ್ತಿದೆ. ಪಂದಿ ಕರಿ, ಪೆಪ್ಪರ್ ಮಟನ್, ಖಾರವಿಲ್ಲದ ಮಟನ್ ಚಾಪ್ಸ್ ತಟ್ಟೆಗೆ ಬಂದವು. ಅಡುಗೆಮನೆಯ ಅಕ್ಕನನ್ನು ಕರೆದೆ. ಮಡಿಕೇರಿ ಕಡೆಯವರು, ಮಸಾಲೆ ಹುರಿಯುವಾಗ ಗಡಿಯಾರ ನೋಡುವುದಿಲ್ಲ, ಮೂಗೇ ಅವರ ಗಡಿಯಾರ. ವೈನ್ ಕುಡಿಯುವುದಿಲ್ಲ. "ಕುಡೀಬೇಡಿ ಅಕ್ಕ, ಬರೀ ಮೂಸಿ ನೋಡಿ" ಅಂದೆ.

ಮೊದಲ ಗ್ಲಾಸಿಗೆ, "ದಪ್ಪ ಮೆಣಸಿನಕಾಯಿ ಕೊಯ್ದ ಹಾಗಿದೆ" ಅಂದರು. ಅದು ಕ್ಯಾಬರ್ನೆ. ಆ ದ್ರಾಕ್ಷಿಯಲ್ಲಿರುವ ಪೈರಜೀನ್ ಎಂಬ ವಸ್ತು ದಪ್ಪ ಮೆಣಸಿನಕಾಯಿಯಲ್ಲೂ ಇದೆ, ಹಣ್ಣು ಬಿಸಿಲಲ್ಲಿ ಮಾಗಿದಷ್ಟೂ ಅದು ಕರಗುತ್ತದೆ. ಎರಡನೆಯದಕ್ಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದರಲ್ಲಿ ಕರಿಮೆಣಸು ಇದೆಯಲ್ಲ!" ಅಂದರು. ಅದು ನಂದಿಯ ಶಿರಾಜ್. ಮೂರನೆಯದಕ್ಕೆ ಒಂದೇ ಮಾತು: "ಜಾಮ್."

ನಾನೂ ಮೂಗಿಟ್ಟೆ. ನೇರಳೆ ಹಣ್ಣು, ಒಂಚೂರು ಹೊಗೆ, ಅಷ್ಟೇ. ಮೆಣಸಿನ ಸುಳಿವೇ ಇಲ್ಲ. ಅಕ್ಕ ನನ್ನ ಮುಖ ನೋಡಿ ನಕ್ಕರು. ಅಡಿಕೆ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿದ ತೋಟದಲ್ಲಿ ಬೆಳೆದವನಿಗೆ ಇದಕ್ಕಿಂತ ಅವಮಾನ ಬೇಕೆ? ರಾತ್ರಿ ಕೂತು ಓದಿದ ಮೇಲೆ ಗೊತ್ತಾಯಿತು. ಶಿರಾಜಿನ ಆ ವಾಸನೆ ರೊಟಂಡೋನ್ ಎಂಬ ವಸ್ತುವಿನದು. ಕರಿಮೆಣಸಿನಲ್ಲಿರುವುದೂ ಅದೇ. 2008ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ಅದನ್ನು ಪ್ರಕಟಿಸಿದಾಗ, ಪರೀಕ್ಷೆಗೆ ಕೂತವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಅದು ಮೂಗಿಗೆ ಹತ್ತಲೇ ಇಲ್ಲವಂತೆ. ತಂಪು ಜಾಗದ ಹಣ್ಣಿನಲ್ಲಿ ಅದು ಹೆಚ್ಚು, ಬಿಸಿ ಜಾಗದಲ್ಲಿ ಕಮ್ಮಿ. ಅಕ್ಕ ಬರೋಸಾದ್ದಕ್ಕೆ ಜಾಮ್ ಅಂದದ್ದು ಆಗ ಅರ್ಥವಾಯಿತು. ಆವತ್ತಿನಿಂದ ಮೆಣಸಿನ ವಿಷಯದಲ್ಲಿ ನಾನು ನನ್ನ ಮೂಗನ್ನು ನಂಬುವುದಿಲ್ಲ.

ತಿನ್ನುವಾಗ ಮಾತ್ರ ನನ್ನ ನಾಲಿಗೆಗೂ ಅನುಮಾನವಿರಲಿಲ್ಲ. ಪಂದಿ ಕರಿ, ಪೆಪ್ಪರ್ ಮಟನ್ ಎರಡಕ್ಕೂ ಶಿರಾಜ್ ಹೊಂದಿತು. ಅದರಲ್ಲೂ ಒಗರಿದೆ, ಆದರೆ ಹಣ್ಣಿನ ರುಚಿ ಮುಂದೆ ನಿಲ್ಲುವುದರಿಂದ ಹುಳಿ, ಖಾರದ ಜೊತೆ ಹೊಡೆದಾಡುವುದಿಲ್ಲ. ಚಾಪ್ಸ್ ಜೊತೆ ಕ್ಯಾಬರ್ನೆಯೇ ಗೆದ್ದಿತು, ಎರಡು ಮಾತಿಲ್ಲ. ತುತ್ತಿನ ಕೊಬ್ಬನ್ನು ಅದು ಸಾರಿಸಿ ತೆಗೆದು ಮುಂದಿನ ತುತ್ತಿಗೆ ಬಾಯಿ ತಯಾರು ಮಾಡುತ್ತಿತ್ತು.

ನಮ್ಮಲ್ಲಿ ಹತ್ತು ಮೇಜಿಗೆ ಪಂದಿ ಕರಿ ಹೋದರೆ ಎರಡಕ್ಕೆ ಚಾಪ್ಸ್. ಹಾಗಾಗಿ ಗ್ಲಾಸಿಗೆ ಶಿರಾಜ್ ಇಟ್ಟೆ. ಕ್ಯಾಬರ್ನೆ ಬಾಟಲಿ ಲೆಕ್ಕದಲ್ಲಿ ಮಾತ್ರ, ಅದನ್ನು ಮೇಜು ಕಾಯ್ದಿರಿಸುವಾಗಲೇ ಹೇಳಿದರೆ ಗಾಳಿಯಾಡಲೆಂದು ಒಂದು ಗಂಟೆ ಮೊದಲು ಜಗ್ಗಿಗೆ ಸುರಿದಿಡುತ್ತೇನೆ. ಇನ್ನೊಂದು ಬದಲಾವಣೆಯನ್ನೂ ಮಾಡಿದೆ, ಪುಸ್ತಕದವರು ಹೇಳುವ 'ರೂಮ್ ಟೆಂಪರೇಚರ್' ಬಿಟ್ಟೆ. ಅದು ಯುರೋಪಿನ ಹಳೇ ಮನೆಗಳ ತಣ್ಣನೆಯ ಕೋಣೆ, ನಮ್ಮ ಏಪ್ರಿಲಿನ 30 ಡಿಗ್ರಿಯಲ್ಲ. ಆ ಸೆಖೆಯಲ್ಲಿ ಯಾವ ಗಟ್ಟಿ ವೈನ್ ಇಟ್ಟರೂ ಮೂಗಿಗೆ ಸ್ಪಿರಿಟ್ ಮಾತ್ರ ಹೊಡೆಯುತ್ತದೆ. ಬಡಿಸುವ ಮುಂಚೆ ಫ್ರಿಜ್ಜಿನಲ್ಲಿಟ್ಟು 17-18 ಡಿಗ್ರಿಗೆ ಇಳಿಸುತ್ತೇನೆ. ಅರ್ಧ ಗ್ಲಾಸು ವಾಪಸ್ ಬರುವುದು ಕಮ್ಮಿಯಾದದ್ದಕ್ಕೆ ಶಿರಾಜ್ ಎಷ್ಟು ಕಾರಣ, ಫ್ರಿಜ್ಜೆಷ್ಟು ಕಾರಣ ಎಂದು ಬಿಡಿಸಿ ಹೇಳಲಾರೆ. "ಇದು ಸಿಹಿ ಇಲ್ವಾ?" ಎಂದು ಕೇಳುವವರು ಈಗಲೂ ಇದ್ದಾರೆ, ಕ್ರಿಸ್‌ಮಸ್ಸಿಗೆ ಮನೆಯಲ್ಲಿ ಮಾಡುವ ವೈನ್ ಕುಡಿದು ಬೆಳೆದವರು ಕೇಳದೆ ಇರುತ್ತಾರೆಯೇ?

ಯಜಮಾನರು ಮೊನ್ನೆ, "ಎರಡೂ ಸೇರಿಸಿದ್ದು ಸಿಗಲ್ವೇನೋ?" ಅಂದರು. ಸಿಗುತ್ತದೆ. ನಂದಿಯ ಗ್ರೋವರ್‌ನವರ ಲಾ ರಿಸರ್ವ್ ಅಂಥದ್ದೇ, ಆಸ್ಟ್ರೇಲಿಯಾದಲ್ಲೂ ಕ್ಯಾಬರ್ನೆ-ಶಿರಾಜ್ ಬೆರಕೆ ಹಳೆಯ ರೂಢಿ. ಪಟ್ಟಿಗೆ ಸೇರಿಸುವ ಯೋಚನೆ ಇದೆ.

ಶಿರಾಜಿನ ಹೊಸ ಫಸಲಿನ ಪೆಟ್ಟಿಗೆ ಹೋದ ವಾರ ಬಂತು. ಮೊದಲ ಗ್ಲಾಸು ಎಂದಿನಂತೆ ಅಡುಗೆಮನೆಗೆ ಹೋಯಿತು. ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ಮೂಸಿದರು. "ಈ ಸಲ ಮೆಣಸು ಕಮ್ಮಿ" ಅಂದು ಒಗ್ಗರಣೆಗೆ ವಾಪಸಾದರು.